ಅಣಬೆ ರೋಗಕ್ಕೆ ಟ್ರೈಕೋಡರ್ಮಾ ಪುಡಿ: ಮೂರು ಮಳೆಗಾಲ ಹಾಕಿದ ಮೇಲೆ

ಪ್ಯಾಕೆಟ್ಟಿನ ವಿಷಯ ಹೇಳುವ ಮೊದಲು ಮರದ ಬುಡದಲ್ಲಿ ಕಂಡದ್ದನ್ನು ಹೇಳಬೇಕು. ಇಲ್ಲದಿದ್ದರೆ ಈ ಪುಡಿ ನಮಗೆ ಯಾಕೆ ಬೇಕಾಯಿತು ಅಂತ ಗೊತ್ತಾಗುವುದಿಲ್ಲ.

ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಒಂದೂವರೆ ಎಕರೆ ಅಡಿಕೆ ತೋಟ. ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದಿಂದ ಬರುವ ನೀರು ಮೇಲಿನ ಟಾಂಕಿಗೆ ಬೀಳುತ್ತದೆ, ಅಲ್ಲಿಂದ ತೋಟಕ್ಕೆ. ನಡುನಡುವೆ ತೆಂಗು, ಬಾಳೆ, ಕಾಳುಮೆಣಸಿನ ಬಳ್ಳಿ. 2022ರ ಆಗಸ್ಟಿನಲ್ಲಿ ಮಳೆ ಸ್ವಲ್ಪ ಬಿಟ್ಟ ಒಂದು ಬೆಳಿಗ್ಗೆ ಕೆಳಗಿನ ಮೂಲೆಯಲ್ಲಿ ಬಿದ್ದ ಅಡಿಕೆ ಹಾಳೆ ಹೆಕ್ಕುತ್ತಾ ಇದ್ದೆ. ಒಂದು ಮರದ ಬುಡದಲ್ಲಿ ಏನೋ ಹೊಳೆಯಿತು.

ಬಗ್ಗಿ ನೋಡಿದೆ. ಅಂಗೈಯಷ್ಟು ಅಗಲದ ಅರ್ಧಚಂದ್ರ. ಮರಕ್ಕೆ ಅಂಟಿದ ಕಡೆ ಕಡುಕೆಂಪು, ನಡುವೆ ಕಿತ್ತಳೆ, ಆಮೇಲೆ ಹಳದಿ, ಅಂಚಿನಲ್ಲಿ ಬೆಣ್ಣೆಯ ಹಾಗೆ ಬಿಳಿ. ಮೇಲ್ಮೈ ಚನ್ನಪಟ್ಟಣದ ಗೊಂಬೆಗೆ ಅರಗು ಹಿಡಿಸಿದ ಹಾಗೆ ಮಿರಿಮಿರಿ. ಅಡಿಭಾಗ ಬಿಳಿ, ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ತೂತು. ಉಗುರಿನಿಂದ ಒತ್ತಿದರೆ ಅಲ್ಲಿ ಕಂದು ಗೆರೆ ಬಿತ್ತು. ತಿನ್ನುವ ಅಣಬೆಯ ಹಾಗೆ ಮೆತ್ತಗಿಲ್ಲ. ಕತ್ತಿ ಹಾಕಿದರೆ ಬಾಟಲಿಯ ಬಿರಡೆ ಕೊಯ್ದಂತೆ ಆಯಿತು. ಸುತ್ತ ಬಿದ್ದಿದ್ದ ಎಲೆಗಳ ಮೇಲೆಲ್ಲ ಕಾಫಿಪುಡಿ ಬಣ್ಣದ ಧೂಳು.

ಕೆಲಸಕ್ಕೆ ಬಂದಿದ್ದವರು "ಅಲಂಬು ಅಕ್ಕ" ಅಂತ ಹೇಳಿ ಕಾಲಿನಿಂದ ಒದೆಯಲು ಹೋದರು. ತುಳುವಿನಲ್ಲಿ ಅಲಂಬು, ಮಲಯಾಳದಲ್ಲಿ ಕೂಣ್, ನಮಗೆ ಅಣಬೆ. ಮಾವನವರು ಬಂದು ಅಣಬೆಯನ್ನು ನೋಡಲೇ ಇಲ್ಲ. ತಲೆ ಎತ್ತಿ ಮರದ ತುದಿ ನೋಡಿದರು. ಕೆಳಗಿನ ಸೋಗೆಗಳು ಹಳದಿಯಾಗಿ ಮರಕ್ಕೆ ಅಂಟಿಕೊಂಡು ಜೋತಿದ್ದವು. "ಈ ಮರ ಹೋತು ಕೂಸೆ" ಅಂದರು.

ನಾನು ಹಳದಿ ಸೋಗೆಯನ್ನು ಬೇಸಗೆಯಿಂದಲೂ ನೋಡಿದ್ದೆ. ನೀರು ಸಾಲದು ಅಂತ ಅಂದುಕೊಂಡು ಆ ಮೂಲೆಗೆ ಜಾಸ್ತಿ ನೀರು ಬಿಟ್ಟಿದ್ದೆ. ಅದೇ ತಪ್ಪಾಯಿತು.

ಆ ಅಣಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಕಾಸರಗೋಡು ಪೇಟೆಯ ಹತ್ತಿರ ಕೂಡ್ಲಿನಲ್ಲಿರುವ ಸಿಪಿಸಿಆರ್‌ಐಗೆ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೆ ಹೋದೆ. 1916ರಲ್ಲಿ ತೆಂಗಿನ ಸಂಶೋಧನೆಗೆ ಅಂತ ಶುರುವಾದ ಜಾಗ ಅದು, ನಮ್ಮ ಭಾಗದ ಕೃಷಿಕರಿಗೆ ದೊಡ್ಡ ಆಸರೆ. ಈ ಅಣಬೆಯ ಗ್ಯಾನೋಡರ್ಮಾ ಅನ್ನುವ ಹೆಸರು ನನ್ನ ಕಿವಿಗೆ ಬಿದ್ದದ್ದು ಅಲ್ಲೇ. ಆಮೇಲೆ ಮನೆಗೆ ಬಂದು ಸಿಕ್ಕಿದ್ದನ್ನೆಲ್ಲ ಓದಿದೆ. ಗ್ರೀಕ್ ಭಾಷೆಯಲ್ಲಿ ಗ್ಯಾನೋಸ್ ಅಂದರೆ ಹೊಳಪು, ಡರ್ಮಾ ಅಂದರೆ ಚರ್ಮ. ಫಿನ್‌ಲ್ಯಾಂಡಿನ ಕಾರ್‌ಸ್ಟೆನ್ ಅನ್ನುವವರು 1881ರಲ್ಲಿ ಇಟ್ಟ ಹೆಸರು. ನನಗೆ ಬುಡದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಅದೇ ಹೊಳಪು ಅಲ್ವಾ!

ನಮ್ಮ ಕಣ್ಣಿಗೆ ಕಾಣುವ ಅರ್ಧಚಂದ್ರ ಈ ಶಿಲೀಂಧ್ರದ ಹಣ್ಣು ಇದ್ದ ಹಾಗೆ. ಅಸಲು ಜೀವ ಒಳಗೆ, ಬೇರಲ್ಲಿ, ಬುಡದ ತಿರುಳಲ್ಲಿ ನೂಲಿನ ಹಾಗೆ ಹರಡಿಕೊಂಡಿರುತ್ತದೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನುವ ಅಂಶವನ್ನೂ ಇದು ಕರಗಿಸಿ ತಿನ್ನುತ್ತದೆ. ಹಾಗೆ ತಿಂದ ಮರ ಬಿಳುಚಿಕೊಂಡು ನಾರುನಾರಾಗುತ್ತದೆ. ಹೊರಗೆ ಅಣಬೆ ಬರುವಾಗ ಒಳಗಿನ ಕೆಲಸ ಬಹುಪಾಲು ಮುಗಿದಿರುತ್ತದೆ. ತೆಂಗಿಗೂ ಇದೇ ಗತಿ. ಬುಡದಿಂದ ಕೆಂಪು ಕಂದು ರಸ ಸೋರುವುದು, ಆ ಕಲೆ ಮೇಲೆ ಮೇಲೆ ಏರುವುದು, ಗರಿ ಜೋತುಬೀಳುವುದು. ತಮಿಳುನಾಡಿನ ತಂಜಾವೂರು ಕಡೆ 1952ರಲ್ಲಿ ದಾಖಲಾದ್ದರಿಂದ ತೆಂಗಿನಲ್ಲಿ ಇದಕ್ಕೆ ತಂಜಾವೂರು ಸೊರಗು ರೋಗ ಅಂತಲೂ ಹೆಸರು. ಮಲೇಷ್ಯಾ, ಇಂಡೋನೇಷ್ಯಾದ ತಾಳೆಎಣ್ಣೆ ತೋಟಗಳನ್ನು ಹಾಳು ಮಾಡುವುದೂ ಇದೇ ಕುಲದ ಇನ್ನೊಂದು ಜಾತಿ.

ನನಗೆ ಅಲ್ಲಿ ಹೇಳಿದ್ದು ಮುಖ್ಯವಾಗಿ ಇಷ್ಟು. ಅಣಬೆ ಬಂದ ಮರವನ್ನು ಉಳಿಸಲು ಹೋಗಬೇಡಿ. ಕಡಿದು, ಬುಡ ಬೇರು ಸಮೇತ ತೆಗೆದು ಸುಡಿ. ಅದರ ಸುತ್ತ ಕಣಿ ತೋಡಿ ಬೇರೆ ಮಾಡಿ. ಆ ಮರದ ಬುಡದಿಂದ ಹರಿದ ನೀರು ಒಳ್ಳೆಯ ಮರಕ್ಕೆ ಹೋಗಬಾರದು. ಉಳಿದ ಮರಗಳಿಗೆ ಬೇವಿನ ಹಿಂಡಿ ಮತ್ತು ಟ್ರೈಕೋಡರ್ಮಾ ಕೊಡಿ. ಬೇರಿನ ಮೂಲಕ ಶಿಲೀಂಧ್ರನಾಶಕ ಕುಡಿಸುವ ದಾರಿಯೂ ಇದೆ.

ಕೊನೆಯ ದಾರಿ ನನಗೆ ಬೇಡವಾಗಿತ್ತು. ಅದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಮಾಡಿದವರಿದ್ದಾರೆ. ಆದರೆ ನಾವು ಎಣ್ಮಕಜೆ ಪಂಚಾಯತಿನವರು, ಪೆರ್ಲ ಇರುವುದು ಅದರಲ್ಲೇ. ಇಲ್ಲಿನ ಗೇರು ತೋಟಗಳ ಮೇಲೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ನಿಂತದ್ದು 2000ದ ಹೊತ್ತಿಗೆ. ಅದರ ಗಾಯ ನಮ್ಮೂರಿನ ಮನೆಮನೆಯಲ್ಲಿ ಇನ್ನೂ ಇದೆ. ಸುರಂಗದ ನೀರು ಕುಡಿಯುವ ಮನೆ ನಮ್ಮದು. ವಿಷದ ಡಬ್ಬಿ ತೋಟಕ್ಕೆ ತರುವ ಮೊದಲು ಹತ್ತು ಸಲ ಯೋಚಿಸುತ್ತೇವೆ. ಹಾಗಾಗಿ ಜೀವದಿಂದಲೇ ಜೀವವನ್ನು ತಡೆಯುವ ಟ್ರೈಕೋಡರ್ಮಾ ಮನಸ್ಸಿಗೆ ಹಿಡಿಸಿತು.

ಇದೂ ಒಂದು ಶಿಲೀಂಧ್ರವೇ. ಮಣ್ಣಿನಲ್ಲಿ ಸಹಜವಾಗಿ ಇರುತ್ತದೆ. ಬೇರೆ ಶಿಲೀಂಧ್ರದ ಎಳೆಗೆ ಬಳ್ಳಿಯ ಹಾಗೆ ಸುತ್ತಿಕೊಂಡು, ಅದರ ಗೋಡೆ ಕರಗಿಸುವ ಕಿಣ್ವ ಬಿಟ್ಟು, ಒಳಗಿನದನ್ನು ಹೀರುತ್ತದೆ. ಅದರ ಜೊತೆಗೆ ಬೇಗ ಬೆಳೆದು ಬೇರಿನ ಸುತ್ತಲಿನ ಜಾಗವನ್ನೂ ಊಟವನ್ನೂ ತಾನೇ ಹಿಡಿದುಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವುದು ಟಾಲ್ಕ್ ಪುಡಿಯಲ್ಲಿ ಬೆರೆಸಿದ ಬೀಜಕಣಗಳು. ನೋಡಲು ತಿಳಿಹಸಿರು ಬೂದಿ ಬಣ್ಣ.

ಮೊದಲ ಪ್ಯಾಕೆಟ್ ತಂದದ್ದು 2022ರ ಸೆಪ್ಟೆಂಬರಿನಲ್ಲಿ, ಪೇಟೆಯ ಒಂದು ಗೊಬ್ಬರದ ಅಂಗಡಿಯಿಂದ. ಹೆಸರು ಹೇಳುವುದು ಬೇಡ. ಎದುರಿನ ಗಾಜಿನ ಕಪಾಟಿನಲ್ಲಿ, ಬಿಸಿಲು ಬೀಳುವ ಕಡೆ ಇಟ್ಟಿದ್ದರು. ನಾನು ತಾರೀಕು ನೋಡಲಿಲ್ಲ. ಮನೆಗೆ ತಂದು ನೇರ ಬುಡಕ್ಕೆ ಒಂದೊಂದು ಹಿಡಿ ಎಸೆದೆ, ಮೇಲೆ ಮಣ್ಣೂ ಮುಚ್ಚಲಿಲ್ಲ. ಮರುವರ್ಷ ಮಾರ್ಚಿನೊಳಗೆ ಪಕ್ಕದ ಎರಡು ಮರ ಹೋದವು. ಖಾಲಿ ಪ್ಯಾಕೆಟ್ ಹುಡುಕಿ ನೋಡಿದಾಗ ತಯಾರಾಗಿ ಹನ್ನೊಂದು ತಿಂಗಳಾದ ಮಾಲು ಅಂತ ಗೊತ್ತಾಯಿತು. ಅದರ ಮೇಲೆಯೇ ಆರು ತಿಂಗಳೊಳಗೆ ಬಳಸಿ ಅಂತ ಬರೆದಿತ್ತು. ಆ ಎರಡು ಮರಗಳಿಗೆ ರೋಗ ಮೊದಲೇ ತಗುಲಿರಬಹುದು, ಎಲ್ಲ ದೂರನ್ನೂ ಪ್ಯಾಕೆಟ್ಟಿನ ಮೇಲೆ ಹಾಕುವುದು ಸರಿಯಲ್ಲ. ಆದರೆ ಸತ್ತ ಪುಡಿಗೆ ನಾನು ದುಡ್ಡು ಕೊಟ್ಟದ್ದಂತೂ ನಿಜ.

ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಪ್ಯಾಕೆಟ್ ತಂದ ದಿನವೇ ಅನ್ನದಲ್ಲಿ ಪರೀಕ್ಷೆ. ಅರ್ಧ ಬೆಂದ ಅನ್ನವನ್ನು ಕುದಿನೀರಲ್ಲಿ ತೊಳೆದ ಎರಡು ಬಾಟಲಿಗೆ ಹಾಕುತ್ತೇನೆ. ಆರಿದ ಮೇಲೆ ಒಂದಕ್ಕೆ ಮಾತ್ರ ಒಂದು ಚಿಟಿಕೆ ಪುಡಿ. ಎರಡಕ್ಕೂ ಸಡಿಲವಾಗಿ ಬಟ್ಟೆ ಕಟ್ಟಿ ಅಡುಗೆಮನೆಯ ಅಟ್ಟದ ಕೆಳಗೆ ಇಡುತ್ತೇನೆ. ಪುಡಿ ಜೀವಂತ ಇದ್ದರೆ ಎರಡನೇ ಮೂರನೇ ದಿನ ಬಿಳಿ ಹತ್ತಿಯ ಹಾಗೆ ಬರುತ್ತದೆ, ಐದನೇ ದಿನಕ್ಕೆ ಕಡುಹಸಿರು. ಪುಡಿ ಹಾಕದ ಬಾಟಲಿಯೂ ಹಾಗೇ ಹಸಿರಾದರೆ ಪರೀಕ್ಷೆ ಲೆಕ್ಕಕ್ಕಿಲ್ಲ, ಗಾಳಿಯ ಬೂಸ್ಟು ಹತ್ತಿದೆ ಅಂತ ಅರ್ಥ. ಎರಡು ಬಾಟಲಿ ಇಡುವುದು ಅದಕ್ಕೇ. ನಾಲ್ಕು ಬೇರೆ ಬೇರೆ ಕಡೆಯ ಪ್ಯಾಕೆಟ್ ಹೀಗೆ ನೋಡಿದ್ದೇನೆ. ಒಂದರಲ್ಲಿ ಏನೂ ಬರಲಿಲ್ಲ, ವಾಪಸು ಕೊಟ್ಟೆ. ಒಂದು ನಿಧಾನ. ಎರಡು ಚೆನ್ನಾಗಿ ಬಂದವು.

ಈಗ ನಾನು ಬಳಸುವುದು 1 ಕಿಲೋದ ಪ್ಯಾಕೆಟ್, 140 ರೂಪಾಯಿ. ಗ್ರಾಮಿಗೆ ಕನಿಷ್ಠ 20 ಲಕ್ಷ ಜೀವಂತ ಕಣ ಇರಬೇಕು ಅನ್ನುವುದು ಈ ಪುಡಿಗೆ ಇರುವ ಸರಕಾರಿ ಅಳತೆ. ಅದು 2×10⁶ ಅಂತ ಚೀಟಿಯಲ್ಲಿ ಇರುತ್ತದೆ, ನೋಡಿ ತೆಗೆದುಕೊಳ್ಳಿ. ಒಳಗೆ ಇನ್ನೊಂದು ದಪ್ಪ ಕವರು ಇದೆ, ಅದು ಒಳ್ಳೆಯದು, ಮಳೆಗಾಲದ ತೇವ ಹಿಡಿಯುವುದಿಲ್ಲ. ಕೆಟ್ಟದ್ದು ಏನು ಅಂದರೆ ಚೀಟಿಯಲ್ಲಿ ಇಂಗ್ಲಿಷ್ ಮತ್ತು ಮಲಯಾಳ ಮಾತ್ರ. ನಮ್ಮ ಮಾವನವರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಈ ಭಾಗದ ಎಷ್ಟೋ ಹಿರಿಯರು ಹಾಗೇ. ತೋಟದ ಕೆಲಸ ಮಾಡುವುದು ಅವರೇ. "ಚಾಣಕಂ" ಅಂದರೆ ಸೆಗಣಿ, "ವೇಪ್ಪಿನ್ ಪಿಣ್ಣಾಕ್ಕ್" ಅಂದರೆ ಬೇವಿನ ಹಿಂಡಿ ಅಂತ ನಾನು ಕಾಗದದಲ್ಲಿ ಕನ್ನಡದಲ್ಲಿ ಬರೆದು ಪ್ಯಾಕೆಟ್ಟಿಗೆ ಅಂಟಿಸಿದ್ದೇನೆ. ಕಾಸರಗೋಡಿಗೆ ಕಳಿಸುವ ಮಾಲಿಗೆ ನಾಲ್ಕು ಸಾಲು ಕನ್ನಡ ಹಾಕಿದರೆ ಅವರಿಗೇನು ಭಾರ?

ಬಳಸುವ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪುಡಿಯ ಫಲ ಪೂರ್ತಿ ಇದರಲ್ಲೇ ಇದೆ. ಪುಡಿಯನ್ನು ನೇರ ಬುಡಕ್ಕೆ ಹಾಕಬೇಡಿ, ಮೊದಲು ಬೆಳೆಸಿ. ನಾನು ಒಣಗಿದ ಸೆಗಣಿ ಪುಡಿ 90 ಕಿಲೋ, ಬೇವಿನ ಹಿಂಡಿ 10 ಕಿಲೋ, ಅದಕ್ಕೆ 1 ಕಿಲೋ ಟ್ರೈಕೋಡರ್ಮಾ ಬೆರೆಸುತ್ತೇನೆ. ದನದ ಹಟ್ಟಿಯ ಹಿಂದೆ, ಮಳೆ ಬಿಸಿಲು ಎರಡೂ ತಾಗದ ಜಾಗ. ನೀರು ಚಿಮುಕಿಸಿ ಕೈಯಲ್ಲಿ ಮುಷ್ಟಿ ಹಿಡಿದರೆ ಉಂಡೆ ಆಗಬೇಕು, ನೀರು ಬೆರಳ ಸಂದಿಯಿಂದ ಇಳಿಯಬಾರದು. ಮೇಲೆ ಒದ್ದೆ ಗೋಣಿ. ಐದನೇ ದಿನ ಒಮ್ಮೆ ಮಗುಚಿ, ಮತ್ತೆ ಮುಚ್ಚಿ, ಹತ್ತನೇ ದಿನ ತೆಗೆಯುವುದು. ಪುಡಿ ಬೆರೆಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ತುಂಬ ಸಣ್ಣ ಧೂಳು ಅದು.

ಮೊದಲ ಸಲ ಗೋಣಿ ಎತ್ತಿದ ದಿನ ಚೆನ್ನಾಗಿ ನೆನಪಿದೆ. ರಾಶಿಯ ಮೇಲೆ ಬಿಳಿ ಜೇಡರಬಲೆಯಂಥ ಪದರ, ಅದರ ಮೇಲೆ ಅಲ್ಲಲ್ಲಿ ಪಾಚಿ ಹಸಿರು. ಕೈ ಹಾಕಿದರೆ ಬೆಚ್ಚಗೆ. ಸೆಗಣಿಯ ವಾಸನೆ ಇರಲಿಲ್ಲ. ಮೂಗಿಗೆ ಬಂದದ್ದು ಹೊಸತಾಗಿ ತುರಿದ ತೆಂಗಿನಕಾಯಿಯ ಪರಿಮಳ! ಅತ್ತೆಯವರನ್ನು ಕರೆದು ಮೂಸಿ ನೋಡಲು ಹೇಳಿದೆ, ಅವರೂ ಕಾಯಿಯೇ ಅಂದರು. ಕೆಲವು ಟ್ರೈಕೋಡರ್ಮಾ ಜಾತಿಗಳು ಬಿಡುವ ಒಂದು ವಸ್ತುವಿಗೆ ತೆಂಗಿನ ವಾಸನೆ ಇದೆ, ಬೇರೆ ಶಿಲೀಂಧ್ರಗಳನ್ನು ತಡೆಯುವ ಗುಣವೂ ಅದಕ್ಕಿದೆ ಅಂತ ಆಮೇಲೆ ಓದಿದೆ. ಅವತ್ತಿನಿಂದ ನನಗೆ ಈ ಪುಡಿಯ ಮೇಲೆ ನಂಬಿಕೆ ಬಂತು.

ಹಾಕುವುದು ವರ್ಷಕ್ಕೆ ಎರಡು ಸಲ. ಮೇ ಕೊನೆಗೆ ಮೊದಲ ಮಳೆಗೆ ಮಣ್ಣು ಒದ್ದೆಯಾದಾಗ ಒಮ್ಮೆ, ಮಳೆ ಕಡಿಮೆಯಾದ ಅಕ್ಟೋಬರಿನಲ್ಲಿ ಇನ್ನೊಮ್ಮೆ. ಅಡಿಕೆಗೆ 2 ಕಿಲೋ, ತೆಂಗಿಗೆ 5 ಕಿಲೋ. ಬುಡದಿಂದ ಸ್ವಲ್ಪ ದೂರ ಮಣ್ಣು ಬಿಡಿಸಿ ಹಾಕಿ, ಮೇಲೆ ಮಣ್ಣು ಎಳೆದು ಸೊಪ್ಪು ಮುಚ್ಚುವುದು. ಕೆಳಗಿನ ಮೂಲೆಯ 42 ಅಡಿಕೆ, 3 ತೆಂಗಿಗೆ ಒಂದು ರಾಶಿ ಸರಿಯಾಗಿ ಸಾಕಾಗುತ್ತದೆ. ಹಿಂಡಿಗೆ 400 ರೂಪಾಯಿ, ಪುಡಿಗೆ 140, ಸೆಗಣಿ ಮನೆಯದೇ. ಮರವೊಂದಕ್ಕೆ ಸರಾಸರಿ 12 ರೂಪಾಯಿ.

ಒಂದು ಎಚ್ಚರಿಕೆ. ನಾವೆಲ್ಲ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವವರು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತಿನ ತಾಮ್ರ ಕೊಳೆರೋಗವನ್ನು ತಡೆಯುವ ಹಾಗೆಯೇ ಟ್ರೈಕೋಡರ್ಮಾಕ್ಕೂ ತೊಂದರೆ ಕೊಡುತ್ತದೆ. ಮದ್ದು ಬಿಡುವಾಗ ಅಡಿಕೆ ಗೊನೆಯಿಂದ ತೊಟ್ಟಿಕ್ಕಿ ಬುಡಕ್ಕೇ ಬೀಳುತ್ತದಲ್ಲ. ನಾನು ಎರಡರ ನಡುವೆ ಕನಿಷ್ಠ 15 ದಿನ ಬಿಡುತ್ತೇನೆ. ಮದ್ದಿನವರು ಬರುವ ದಿನ ನಮ್ಮ ಕೈಯಲ್ಲಿಲ್ಲ, ಆದ್ದರಿಂದ ರಾಶಿಯನ್ನು ಅವರ ದಿನ ಗೊತ್ತಾದ ಮೇಲೆಯೇ ಕಟ್ಟುವುದು.

ಫಲ ಏನು? 2023ರಲ್ಲಿ ಇನ್ನೂ ಒಂದು ಮರ ಹೋಯಿತು, ಅದರ ಸೋಗೆ ಆಗಲೇ ಹಳದಿಯಾಗಿತ್ತು. ಅದಕ್ಕೆ ರಾಶಿಯಿಂದ ಐದು ಕಿಲೋ ಹಾಕಿದರೂ ಉಳಿಯಲಿಲ್ಲ. ತಿರುಳಿನೊಳಗೆ ಕೂತ ರೋಗವನ್ನು ಮಣ್ಣಿಗೆ ಹಾಕಿದ ಪುಡಿ ಹೋಗಿ ಹಿಡಿಯಲಾರದು. 2024ರಲ್ಲಿ ಹೊಸ ಮರಕ್ಕೆ ಬರಲಿಲ್ಲ. ಅಣಬೆ ಕಂಡದ್ದು ನಾವು ಕೀಳದೆ ಬಿಟ್ಟಿದ್ದ ಒಂದು ಹಳೆಯ ಮೋಟಿನಲ್ಲಿ. 2025ರ ಮಳೆಗಾಲದಲ್ಲಿ ಪ್ರತಿ ಬುಡವನ್ನೂ ಕುಕ್ಕರಗಾಲಲ್ಲಿ ಕೂತು ನೋಡಿದೆ, ಎಲ್ಲಿಯೂ ಇಲ್ಲ. ಅಂಚಿನ ಒಂದು ತೆಂಗಿನಿಂದ ರಸ ಸೋರುತ್ತಿದ್ದದ್ದು ಒಣಗಿ ಕಪ್ಪು ಕಲೆ ಮಾತ್ರ ಉಳಿದಿದೆ.

ಇದೆಲ್ಲ ಪುಡಿಯಿಂದ ಮಾತ್ರ ಆಯಿತು ಅಂತ ನಾನು ಬರೆಯುವುದಿಲ್ಲ. ಬುಡ ಕಿತ್ತದ್ದು ದೊಡ್ಡ ಕೆಲಸ. ಮಾವನವರ ಕಾಲದಲ್ಲಿ ಏಳು ಅಡಿಗೆ ಒಂದು ಸಸಿ ನೆಟ್ಟಿದ್ದರು. ಈಗ ಹೇಳುವ ಅಂತರ ಒಂಬತ್ತು ಅಡಿ. ಆ ಇಕ್ಕಟ್ಟಿನಲ್ಲಿ ಹಿಟಾಚಿ ಇಳಿಯಲಿಲ್ಲ. ಮೂರು ಜನ ಪಿಕ್ಕಾಸು ಹಿಡಿದು ಎರಡು ದಿನ ಅಗೆದರು. ಬಿಚ್ಚಿದ ಬುಡದ ಒಳಗೆ ಬೆರಳು ಹೋಗುತ್ತಿತ್ತು, ನೆನೆದ ತೆಂಗಿನ ನಾರಿನ ಹಾಗೆ ಬಿಳಿ ಎಳೆಎಳೆ ಕೈಗೆ ಬಂತು. ಬೇರು ಮುಟ್ಟಿದರೆ ಪುಡಿ. ಹತ್ತು ತಿಂಗಳ ಹಿಂದೆ ಆ ಮರದಿಂದ ಮೂರು ಅಡಿಕೆ ಗೊನೆ ಇಳಿಸಿದ್ದೆವು! ಎಲ್ಲವನ್ನೂ ಗುಡ್ಡೆಗೆ ಹೊತ್ತು, ಒಣಗಿಸಿ, ಫೆಬ್ರವರಿಯಲ್ಲಿ ಸುಟ್ಟೆವು. ಗುಂಡಿಗಳ ಸುತ್ತ ಎರಡಡಿ ಆಳ, ಒಂದಡಿ ಅಗಲದ ಕಣಿ. ನೀರು ಆ ಮೂಲೆಯಲ್ಲಿ ನಿಲ್ಲದೆ ನೇರ ತೋಡಿಗೆ ಹೋಗುವ ಹಾಗೆ ಇನ್ನೊಂದು. ಇಷ್ಟು ಮಾಡದೆ ಪುಡಿ ಮಾತ್ರ ಹಾಕಿದ್ದರೆ ಹೀಗಾಗುತ್ತಿತ್ತು ಅಂತ ನನಗೆ ಅನಿಸುವುದಿಲ್ಲ. ಹಾಗಾಗಿ ಈ ಪುಡಿಗೆ ನನ್ನ ಅಂಕ ಐದರಲ್ಲಿ ನಾಲ್ಕು. ಕನ್ನಡ ಚೀಟಿ ಇದ್ದಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.

ಇನ್ನೊಂದು ವಿಷಯ ಹೇಳಲೇಬೇಕು. ಅಣಬೆಯ ಫೋಟೋ ನೋಡಿದ ಬೆಂಗಳೂರಿನ ನೆಂಟರೊಬ್ಬರು ಫೋನ್ ಮಾಡಿ, "ಅತ್ತಿಗೆ, ಇದು ಚಿನ್ನ, ಇದರ ಮಾತ್ರೆಗೆ ಇಲ್ಲಿ ಸಾವಿರಗಟ್ಟಲೆ ಬೆಲೆ, ಬಿಸಾಡಬೇಡಿ, ಒಣಗಿಸಿ ಕಷಾಯ ಮಾಡಿ" ಅಂದರು. ಚೀನಾದವರು ಲಿಂಗ್‌ಝಿ, ಜಪಾನಿನವರು ರೇಯ್ಶಿ ಅಂತ ಹೇಳುವ ಔಷಧದ ಅಣಬೆ ಇದೇ ಕುಲದ್ದು, ಅದು ಸರಿ. ಆದರೆ ಅವರು ಅದನ್ನು ಜಾತಿ ಗೊತ್ತಿದ್ದು, ಮರದ ತುಂಡಿನಲ್ಲೋ ಮರದ ಹುಡಿಯಲ್ಲೋ ಬೇಕೆಂದೇ ಬೆಳೆಸುತ್ತಾರೆ. ಈ ಕುಲದಲ್ಲಿ ಒಂದರ ಹಾಗೆ ಇನ್ನೊಂದು ಕಾಣುವ ಜಾತಿಗಳು ಬೇಕಾದಷ್ಟಿವೆ. ನಮ್ಮ ಮರಗಳ ಬುಡಕ್ಕೆ ವರ್ಷವರ್ಷ ತಾಮ್ರದ ಮದ್ದು ಇಳಿದಿದೆ. ದಯವಿಟ್ಟು ತೋಟದಲ್ಲಿ ಸಿಕ್ಕಿದ್ದನ್ನು ಕುದಿಸಿ ಕುಡಿಯಬೇಡಿ. ಮನೆಯಲ್ಲಿ ಬೇರೆ ಮಾತ್ರೆ ತೆಗೆದುಕೊಳ್ಳುವ ಹಿರಿಯರಿದ್ದರೆ ಅಂಗಡಿಯ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ಕೊಡಬೇಡಿ. ನಾನು ಆ ಅಣಬೆಯನ್ನು ಸೀಮೆಎಣ್ಣೆ ಹಾಕಿ ಸುಟ್ಟೆ.

ಕಿತ್ತ ಜಾಗದಲ್ಲಿ ತಕ್ಷಣ ಅಡಿಕೆ ಇಡಲಿಲ್ಲ. ಸುಣ್ಣ ಹಾಕಿ, ಎರಡು ವರ್ಷ ಬಾಳೆ ಇಟ್ಟೆವು. ಕದಳಿ ಗೊನೆ ಚೆನ್ನಾಗಿಯೇ ಬಂತು. ಈ ಮೇ ತಿಂಗಳಲ್ಲಿ ಒಂಬತ್ತು ಅಡಿ ಅಂತರಕ್ಕೆ ಮೂರು ಸಸಿ ನೆಡುವುದು ಅಂತ ಮಾವನವರು ಗುಂಡಿಗೆ ಗೂಟ ಹೊಡೆದಿದ್ದಾರೆ. ಪ್ರತಿ ಗುಂಡಿಗೂ ಹಸಿರಾದ ರಾಶಿಯಿಂದ ಎರಡು ಕಿಲೋ ಎತ್ತಿಡಲು ಹೇಳಿದ್ದಾರೆ. ಹೊಸ ಪ್ಯಾಕೆಟ್ ನಿನ್ನೆ ಬಂತು. ಅನ್ನದ ಬಾಟಲಿಗಳು ಅಟ್ಟದ ಕೆಳಗೆ ಇವೆ, ಇವತ್ತಿಗೆ ಎರಡನೇ ದಿನ. ಒಂದರಲ್ಲಿ ಬಿಳಿ ಕಾಣಲು ಶುರುವಾಗಿದೆ.